ಸುಟ್ಟ ಜೇಡಿಮಣ್ಣಿನ ಸಿಮೆಂಟಿನಲ್ಲಿ 12 ಮಿ.ಮೀ. ಗಾಜುನಾರಿನ ಹಲಗೆ: ಸುಡುವುದರಿಂದ ಮುರಿದು ನೋಡುವವರೆಗೆ

ಇಲ್ಲಿನ ಕೆಲಸ ಇಷ್ಟು: 600 × 400 ಮಿ.ಮೀ. ಅಳತೆಯ, 12 ಮಿ.ಮೀ. ದಪ್ಪದ ಮೂರು ಹಲಗೆಗಳ ಎರಕ. ಎರಡು ಬಳಕೆಗೆ, ಮೂರನೆಯದು ಕೊಯ್ದು ಮುರಿದು ನೋಡುವುದಕ್ಕೆ. ಬಂಧಕದಲ್ಲಿ ಮಾಮೂಲಿ ಸಿಮೆಂಟು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಉಳಿದದ್ದು ಸುಟ್ಟ ಜೇಡಿಮಣ್ಣು, ಸುಣ್ಣದ ಕಲ್ಲಿನ ಪುಡಿ ಮತ್ತು ಒಂದಿಷ್ಟು ಜಿಪ್ಸಮ್. ಮೂರನೆಯ ಹಲಗೆಯನ್ನು ಉಳಿತಾಯದ ಹೆಸರಿನಲ್ಲಿ ಬಿಡಬೇಡಿ. ನಾರಿನ ಹಲಗೆ ಮೊದಲ ತಿಂಗಳು ಎಷ್ಟು ಗಟ್ಟಿ ಎಂಬುದು ಮುಖ್ಯವಲ್ಲ, ಹಳತಾದ ಮೇಲೆ ಹೇಗೆ ಮುರಿಯುತ್ತದೆ ಎಂಬುದೇ ಮುಖ್ಯ. ಅದನ್ನು ಹೇಳುವುದು ಆ ಮೂರನೆಯ ಹಲಗೆಯೇ.

ಈ ಬಂಧಕವೇ ಏಕೆ

ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟಾಗುವ ಬೆಂದ ಗಟ್ಟಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ಆದರೂ ಅದರ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಉರುವಲಿನದಲ್ಲ, ಕಲ್ಲಿನದು. 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕೇಯೋಲಿನೈಟ್ ಎಂಬ ಖನಿಜ ಇರುವ ಜೇಡಿಮಣ್ಣನ್ನು ಸುಡಲು 700ರಿಂದ 850 ಡಿಗ್ರಿ ಸಾಕು, ಅದರಿಂದ ಹೊರಬೀಳುವುದು ನೀರಿನ ಆವಿ. ಸುಣ್ಣದ ಕಲ್ಲನ್ನಂತೂ ಸುಡುವುದೇ ಇಲ್ಲ, ಪುಡಿ ಮಾಡಿ ಬೆರೆಸುವುದಷ್ಟೇ. ಸುಣ್ಣದ ಕಲ್ಲು, ಸುಟ್ಟ ಮಣ್ಣು ಸೇರಿದ ಸಿಮೆಂಟಿನ ಈ ಬೆರಕೆಯೇ ಎಲ್‌ಸಿ3. ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್ಎಲ್‌ನ ಕರೆನ್ ಸ್ಕ್ರಿವೆನರ್ ಅವರ ತಂಡ, ಕ್ಯೂಬಾದ ಮತ್ತು ಭಾರತದ ಸಂಶೋಧಕರ ಜೊತೆಗೂಡಿ ಇದನ್ನು ಬೆಳೆಸಿತು. ವಾಡಿಕೆಯ ಪ್ರಮಾಣ ನೂರಕ್ಕೆ ಕ್ಲಿಂಕರ್ 50, ಸುಟ್ಟ ಮಣ್ಣು 30, ಸುಣ್ಣದ ಕಲ್ಲು 15, ಜಿಪ್ಸಮ್ 5.

ನಾರಿನ ಹಲಗೆಗೆ ಇದು ಒಗ್ಗುವುದಕ್ಕೆ ಇಂಗಾಲಕ್ಕಿಂತ ಹತ್ತಿರದ ಕಾರಣವೊಂದಿದೆ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಪೋರ್ಟ್‌ಲ್ಯಾಂಡೈಟ್ ಹುಟ್ಟುತ್ತದೆ, ಅಂದರೆ ನಾವು ಬಲ್ಲ ಅರಳಿದ ಸುಣ್ಣವೇ. ಗಾಜಿನ ನಾರಿನ ಒಂದೊಂದು ತುಂಡೂ ಕೂದಲಿಗಿಂತ ತೆಳ್ಳಗಿನ ನೂರಾರು ಎಳೆಗಳ ಕಟ್ಟು. ಕಟ್ಟಿನ ಒಳಗೆ ಎಳೆಗಳು ಒಂದರ ಮೇಲೊಂದು ಜಾರುವಷ್ಟು ಸಡಿಲವಿದ್ದರೆ ಬಿರುಕು ಬಂದಾಗ ನಾರು ನಿಧಾನವಾಗಿ ಕಿತ್ತು ಬರುತ್ತದೆ, ಹಲಗೆ ಬಾಗಿ ತಾಳಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಈ ಸುಣ್ಣದ ಹರಳುಗಳು ಎಳೆಗಳ ನಡುವಿನ ಸಂದಿನಲ್ಲಿ ಬೆಳೆದು ಕಟ್ಟನ್ನು ಕಡ್ಡಿಯಂತೆ ಬಿಗಿಮಾಡುತ್ತವೆ. ಆಮೇಲೆ ಬಿರುಕು ಬಂದರೆ ಜಾರುವ ಮಾತಿಲ್ಲ, ಪಟ್ಟನೆ ತುಂಡಾಗುತ್ತದೆ. ಕತ್ತಾಳೆ, ಸೆಣಬು, ತೆಂಗಿನ ನಾರಿನಲ್ಲೂ ಇದೇ ಸುಣ್ಣ ಟೊಳ್ಳಿನೊಳಗೆ ಹೊಕ್ಕು ಕಲ್ಲಾಗುತ್ತದೆ, ಜೊತೆಗೆ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸನ್ನು ಕ್ಷಾರ ಕರಗಿಸುತ್ತದೆ.

ಸುಟ್ಟ ಮಣ್ಣಿನಲ್ಲಿರುವ ಮೆಟಾಕೇಯೋಲಿನ್ (ನೀರು ಕಳೆದುಕೊಂಡ ಕೇಯೋಲಿನೈಟ್) ತಿನ್ನುವುದು ಈ ಸುಣ್ಣವನ್ನೇ. ಲೆಕ್ಕ ಸರಳ: ಪೂರ್ತಿ ಗಟ್ಟಿಯಾದ ಸಿಮೆಂಟು ತನ್ನ ತೂಕದ ಐದನೆಯ ಒಂದು ಪಾಲಿನಷ್ಟು ಸುಣ್ಣ ಬಿಡುತ್ತದೆ. ಮುಂದೆ ಕೊಟ್ಟಿರುವ ಅಳತೆಯ 5.25 ಕೆಜಿ ಸಿಮೆಂಟಿಗೆ ಅದು 1 ಕೆಜಿ ಮೇಲೆ. ಮಣ್ಣಿನಲ್ಲಿ ಅರ್ಧ ಕೇಯೋಲಿನೈಟ್ ಇದ್ದರೆ 3 ಕೆಜಿ ಸುಟ್ಟ ಮಣ್ಣಿನಲ್ಲಿ ಸುಮಾರು 1.4 ಕೆಜಿ ಮೆಟಾಕೇಯೋಲಿನ್ ಸಿಗುತ್ತದೆ. ಸುಣ್ಣವನ್ನು ಬಹುಮಟ್ಟಿಗೆ ಮುಗಿಸಲು ಇಷ್ಟು ಸಾಕು. ಹಾಗೆಂದು ಕ್ಷಾರವೇ ಇಲ್ಲವಾಯಿತು ಎಂದುಕೊಳ್ಳಬೇಡಿ. ಸೋಡಿಯಂ, ಪೊಟ್ಯಾಸಿಯಂ ರಂಧ್ರದ ನೀರಿನಲ್ಲಿ ಉಳಿದೇ ಇರುತ್ತವೆ, ಪಿಎಚ್ 12ರ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ನಾರು ಕ್ಷಾರ ತಾಳುವ ಜಾತಿಯದೇ ಆಗಬೇಕು: ಜಿರ್ಕೋನಿಯಾ 16% ಅಥವಾ ಹೆಚ್ಚು ಎಂದು ಬರೆದಿರುವುದು. ದೋಣಿ, ಟ್ಯಾಂಕುಗಳಿಗೆ ಬಳಸುವ ಸಾದಾ ಇ-ಗ್ಲಾಸ್ ಈ ಸಿಮೆಂಟಿನಲ್ಲೂ ಕರಗಿಹೋಗುತ್ತದೆ.

ಬೇರೆ ಬಂಧಕಗಳ ಬಗ್ಗೆ ಎರಡು ಮಾತು. ಮೆಗ್ನೀಷಿಯಂ ಆಕ್ಸಿಕ್ಲೋರೈಡ್ ಹಲಗೆಯಲ್ಲಿ ಕ್ಷಾರ ಕಡಿಮೆ, ನಾರು ಸುಖವಾಗಿರುತ್ತದೆ. ಆದರೆ ತೇವದಲ್ಲಿ ಉಪ್ಪುನೀರು ಸುರಿಸಿ ಮೊಳೆ, ತಿರುಪುಗಳನ್ನು ತಿಂದುಹಾಕುತ್ತದೆ. ಡೆನ್ಮಾರ್ಕಿನಲ್ಲಿ 2010ರ ದಶಕದ ಕಟ್ಟಡಗಳ ಗೋಡೆಗಳಿಂದ ಇಂಥ ಹಲಗೆಗಳನ್ನು ಕಿತ್ತುಹಾಕಬೇಕಾಯಿತು. ಮೇಲಾಗಿ ಅದರ ಮೂಲವಾದ ಮ್ಯಾಗ್ನಸೈಟ್ ಕಲ್ಲು ಸುಟ್ಟರೆ ತೂಕದ 52% ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ, ಅದನ್ನು ಹಸಿರು ಸಿಮೆಂಟು ಎಂದು ಕಣ್ಣುಮುಚ್ಚಿ ಕರೆಯಲಾಗದು. ಸೋಡಿಯಂ ಸಿಲಿಕೇಟಿನಿಂದ ಕ್ರಿಯೆಗೆ ಇಳಿಸುವ ಜಿಯೋಪಾಲಿಮರ್ ಬಂಧಕ ಗಟ್ಟಿಯೇನೋ ಹೌದು, ಆದರೆ ಕೈ ಸುಡುವಷ್ಟು ಕ್ಷಾರ, ಆಮೇಲೆ ಮೈಮೇಲೆ ಬಿಳಿ ಉಪ್ಪು. ಸಲ್ಫೋಅಲ್ಯುಮಿನೇಟ್ ಸಿಮೆಂಟು ನಾರಿಗೆ ನಿಜಕ್ಕೂ ಒಳ್ಳೆಯದು. ಬೇಗ ಬಿಗಿಯುವುದರಿಂದ ಕೈ ಪಳಗಿದವರಿಗೆ ಮಾತ್ರ.

ಮಣ್ಣು: ಮೊದಲು ತಕ್ಕಡಿ, ಆಮೇಲೆ ಬೆಂಕಿ

ಯಾವ ಜೇಡಿಮಣ್ಣೂ ಆಗುತ್ತದೆ ಎಂಬುದು ತಪ್ಪು. ಕೇಯೋಲಿನೈಟ್ 40% ದಾಟಿರಬೇಕು, ಅದಕ್ಕಿಂತ ಕಡಿಮೆಯಾದರೆ ಬಲ ಇಳಿಯುತ್ತದೆ. ಬಿಳಿ ಬಣ್ಣವೇ ಬೇಕೆಂದಿಲ್ಲ. ಕಬ್ಬಿಣದ ಅಂಶದ ಕೆಂಪು ಮಣ್ಣೂ ನಡೆಯುತ್ತದೆ, ಹಲಗೆ ಗುಲಾಬಿ ಛಾಯೆಗೆ ತಿರುಗುತ್ತದೆ ಅಷ್ಟೇ.

ಅಂದಾಜು ಸಿಗುವುದು ತೂಕದಲ್ಲಿ. ಮಣ್ಣನ್ನು 105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 100 ಗ್ರಾಂ ತೆಗೆದುಕೊಂಡು 350 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ತೂಗಿ. ಅದನ್ನೇ ಮತ್ತೆ 600 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ತೂಗಿ. ಈ ಎರಡು ತೂಕಗಳ ನಡುವಿನ ಇಳಿಕೆ ಬಹುಮಟ್ಟಿಗೆ ಕೇಯೋಲಿನೈಟ್ ಬಿಟ್ಟ ನೀರು. ಶುದ್ಧ ಕೇಯೋಲಿನೈಟ್ ತನ್ನ ತೂಕದ 14% ನೀರು ಬಿಡುವುದರಿಂದ, ಇಳಿದ ಗ್ರಾಮನ್ನು 7.1ರಿಂದ ಗುಣಿಸಿ: 7 ಗ್ರಾಂ ಇಳಿದರೆ ಹತ್ತಿರಹತ್ತಿರ 50%. ಇದು ಅಂದಾಜೇ ಹೊರತು ಪ್ರಯೋಗಾಲಯದ ಉತ್ತರವಲ್ಲ. 600 ದಾಟಿಸಬಾರದು. ಮಣ್ಣಿನಲ್ಲಿ ಸುಣ್ಣದ ಕಲ್ಲಿನ ಅಂಶವಿದ್ದರೆ ಅದೂ ಒಡೆಯತೊಡಗಿ ಲೆಕ್ಕ ಉಬ್ಬುತ್ತದೆ. ಗೊಬ್ಬರದ ಅಂಶವಿರುವ ಮೇಲ್ಮಣ್ಣಂತೂ ಬೇಡವೇ ಬೇಡ.

ಸುಡಲು 3.6 ಕೆಜಿ ಒಣ ಮಣ್ಣು, ಹೆಂಟೆಗಳು 5 ಮಿ.ಮೀ.ಗಿಂತ ಸಣ್ಣವು. ತಟ್ಟೆಯಲ್ಲಿ ಹರಡುವ ದಪ್ಪ 25 ಮಿ.ಮೀ. ಮೀರಬಾರದು. ವಿದ್ಯುತ್ ಕುಲುಮೆಯ ಪರದೆ 800 ತೋರಿಸಿದರೂ ಮಣ್ಣಿನ ಒಡಲು 600ರಲ್ಲೇ ಇರಬಹುದು, ಆದ್ದರಿಂದ ಉಷ್ಣಮಾಪಕದ ತುದಿಯನ್ನು ಮಣ್ಣಿನೊಳಗೇ ಹೂತಿಡಿ. ಒಡಲು 800 ಮುಟ್ಟಿದ ಮೇಲೆ ಒಂದು ಗಂಟೆ ಕಾಯಿರಿ. ಆವಿ ಹೋಗಲು ಗಾಳಿಗಂಡಿ ತೆರೆದಿರಲಿ. 950 ದಾಟಿದರೆ ಮೆಟಾಕೇಯೋಲಿನ್ ಹೊಸ ಹರಳುಗಳಾಗಿ ಕಟ್ಟಿಕೊಂಡು ಸುಣ್ಣದ ಜೊತೆ ಸೇರುವ ಗುಣ ಕಳೆದುಕೊಳ್ಳುತ್ತದೆ. ಹೆಚ್ಚು ಸುಟ್ಟರೆ ಹೆಚ್ಚು ಒಳ್ಳೆಯದು ಎಂಬ ಇಟ್ಟಿಗೆ ಗೂಡಿನ ಅನುಭವ ಇಲ್ಲಿ ತಲೆಕೆಳಗು.

ಬೆಂದಿದೆಯೇ ಎಂದು ನೋಡಲು ದೊಡ್ಡ ಹೆಂಟೆಯೊಂದನ್ನು ಒಡೆಯಿರಿ, ಒಡಲಿನ ಬಣ್ಣ ಹೊರಗಿನಂತೆಯೇ ಇರಬೇಕು. ಇನ್ನೊಂದನ್ನು ನೀರಿಗೆ ಹಾಕಿ. ಹಸಿ ಮಣ್ಣು ಕರಗಿ ಕೆಸರಾಗುತ್ತದೆ, ಬೆಂದದ್ದು ಹಾಗೇ ನಿಲ್ಲುತ್ತದೆ. ಕರಗಿತೆಂದರೆ ಮತ್ತೆ ಕುಲುಮೆಗೆ. ಬೇಯದ ಮಣ್ಣು ಹಲಗೆಗೆ ಹೋದರೆ ಸೂಪರ್ ಪ್ಲಾಸ್ಟಿಸೈಜರನ್ನು (ನೀರು ಹೆಚ್ಚಿಸದೆ ಕಲಸನ್ನು ಹರಿಯುವಂತೆ ಮಾಡುವ ದ್ರವ) ಹೀರಿಕೊಂಡು ಕಲಸನ್ನೇ ಕೆಡಿಸುತ್ತದೆ.

ಅರೆಯುವುದು ಬಾಲ್ ಮಿಲ್ಲಿನಲ್ಲಿ. 45 ಮೈಕ್ರಾನ್ ಜರಡಿಯಲ್ಲಿ ನೀರು ಹಾಕಿ ತೊಳೆದಾಗ ಮೇಲೆ ಉಳಿಯುವುದು 10%ಗಿಂತ ಕಡಿಮೆಯಾದರೆ ನಿಲ್ಲಿಸಿ. ಉಳಿದ ಒರಟು ಕಣಗಳು ಹೆಚ್ಚಾಗಿ ಬೆಣಚುಕಲ್ಲು, ಅವನ್ನು ನುಣ್ಣಗೆ ಮಾಡುವ ಹಟಕ್ಕೆ ಬಿದ್ದರೆ ಮೆತ್ತಗಿನ ಸುಟ್ಟ ಮಣ್ಣು ಅತಿಯಾಗಿ ನುಣ್ಣಗಾಗಿ ನೀರಿನ ದಾಹ ಹೆಚ್ಚುತ್ತದೆ. ಅರೆಯುವಾಗಲೂ ಜರಡಿ ಹಿಡಿಯುವಾಗಲೂ ಮುಖಕ್ಕೆ ಸರಿಯಾಗಿ ಕೂರುವ, ಸಣ್ಣ ಧೂಳು ತಡೆಯುವ ಮಾಸ್ಕ್ ಬೇಕೇ ಬೇಕು. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ, ಬಟ್ಟೆ ಕಟ್ಟಿಕೊಂಡರೆ ಸಾಲದು.

ಅಳತೆ

ಒಂದು ಹಲಗೆಗೆ 2.88 ಲೀಟರ್, ಮೂರಕ್ಕೆ 8.64. ಕೆಳಗಿನ ತೂಕಗಳಿಂದ ಸುಮಾರು 10.9 ಲೀಟರ್ ಕಲಸು ಬರುತ್ತದೆ. ಬಾನಿಗೆ ಅಂಟುವುದು, 50 ಮಿ.ಮೀ.ಯ ಆರು ಘನಗಳು ಇದರಲ್ಲೇ ಆಗುತ್ತವೆ.

ಒಪಿಸಿ (ಮಾಮೂಲಿ ಪೋರ್ಟ್‌ಲ್ಯಾಂಡ್) ಸಿಮೆಂಟು 5.25 ಕೆಜಿ
ಸುಟ್ಟು ಅರೆದ ಮಣ್ಣು 3.00 ಕೆಜಿ
ಸುಣ್ಣದ ಕಲ್ಲಿನ ಪುಡಿ 1.50 ಕೆಜಿ
ಜಿಪ್ಸಮ್ ಪುಡಿ 250 ಗ್ರಾಂ
ಒಣ ಮರಳು, 1.18 ಮಿ.ಮೀ. ಜರಡಿ ದಾಟಿದ್ದು, 8.00 ಕೆಜಿ
ನೀರು 3.80 ಕೆಜಿ
ಪಾಲಿಕಾರ್ಬಾಕ್ಸಿಲೇಟ್ ಸೂಪರ್ ಪ್ಲಾಸ್ಟಿಸೈಜರ್ 80 ಗ್ರಾಂ, ಮೇಲೆ 40 ಗ್ರಾಂ ಕೈಯಲ್ಲಿ
ಕ್ಷಾರ ತಾಳುವ ಗಾಜಿನ ನಾರು, 12 ಮಿ.ಮೀ. ತುಂಡು, 550 ಗ್ರಾಂ

ಸುಣ್ಣದ ಕಲ್ಲಿನ ಪುಡಿ ಎಂದರೆ ಸುಡದ ಕಲ್ಲಿನ ಪುಡಿ. ಸುಟ್ಟ ಸುಣ್ಣವೂ ಅಲ್ಲ, ಅರಳಿದ ಸುಣ್ಣವೂ ಅಲ್ಲ. ನಮ್ಮ ಮಾತಿನಲ್ಲಿ ಮೂರಕ್ಕೂ ‘ಸುಣ್ಣ’ ಎಂಬ ಪದ ಅಂಟಿಕೊಂಡಿರುವುದರಿಂದ ಇಲ್ಲಿ ಎಡವುವುದು ಬಲು ಸುಲಭ. ಒಂದು ಚಿಟಿಕೆ ಪುಡಿಗೆ ವಿನೆಗರ್ ಬಿಟ್ಟರೆ ಬುರುಗು ಏಳಬೇಕು, ನೀರಿಗೆ ಹಾಕಿದರೆ ಬಿಸಿಯಾಗಬಾರದು. ಇದು ಬರೀ ತುಂಬುವ ಸರಕಲ್ಲ. ಮಣ್ಣಿನ ಅಲ್ಯುಮಿನಾ ಜೊತೆ ಸೇರಿ ಕಾರ್ಬೋಅಲ್ಯುಮಿನೇಟ್ ಹರಳುಗಳಾಗಿ ರಂಧ್ರಗಳನ್ನು ತುಂಬುತ್ತದೆ.

ಚೀಲದ ಸಿಮೆಂಟಿನಲ್ಲಿ ಮೊದಲೇ ಜಿಪ್ಸಮ್ ಇದ್ದರೂ 250 ಗ್ರಾಂ ಮತ್ತೆ ಸೇರಿಸುವುದಕ್ಕೆ ಕಾರಣವಿದೆ. ಮಣ್ಣು ಮತ್ತು ಕಲ್ಲುಪುಡಿಯ ಸಣ್ಣ ಕಣಗಳು ಕ್ಲಿಂಕರಿನ ಕ್ರಿಯೆಗೆ ವೇಗ ಕೊಡುತ್ತವೆ, ಚೀಲದಲ್ಲಿದ್ದ ಸಲ್ಫೇಟು ಬೇಗ ಮುಗಿಯುತ್ತದೆ. ಆಗ ಕ್ಲಿಂಕರಿನ ಅಲ್ಯುಮಿನೇಟ್ ಅಂಶ ಮುನ್ನುಗ್ಗಿ ಕಲಸು ಕೈಯಲ್ಲೇ ಬಿಗಿಯಾಗುತ್ತದೆ, ಮರುದಿನದ ಬಲವೂ ಕುಸಿಯುತ್ತದೆ. ಬೇಕಾದದ್ದು ಕಚ್ಚಾ ಜಿಪ್ಸಮ್. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಹುಸಿಯಾಗಿ ಗಟ್ಟಿಯಾಗಿ ಹೆದರಿಸುತ್ತದೆ.

ಮರಳು ನಿಜಕ್ಕೂ ಒಣಗಿರಲಿ. 3% ತೇವವಿದ್ದರೆ 240 ಗ್ರಾಂ ನೀರು ಲೆಕ್ಕಕ್ಕೆ ಸಿಗದೆ ಒಳಗೆ ಬಂದಂತೆ.

ಕಲಸುವುದು

ಒಣ ಪುಡಿಗಳನ್ನು ಮುಚ್ಚಿದ ಡಬ್ಬಿಯಲ್ಲಿ ಐದು ನಿಮಿಷ ಉರುಳಿಸಿ. ಬಾನಿಗೆ ನೀರು ಮತ್ತು 60 ಗ್ರಾಂ ಪ್ಲಾಸ್ಟಿಸೈಜರ್ ಹಾಕಿ, ಡ್ರಿಲ್ಲಿನ ಅಲಗು ಜೋರಾಗಿ ತಿರುಗುತ್ತಿರುವಾಗ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಮೊದಲ ಒಂದು ನಿಮಿಷ ಇದು ಆಗುವ ಕೆಲಸವಲ್ಲ ಎನ್ನಿಸುವಷ್ಟು ಗಟ್ಟಿಯಾಗಿ ಕಾಣುತ್ತದೆ. ಪದರಪದರವಾದ ಸುಟ್ಟ ಮಣ್ಣಿನ ಕಣಗಳಿಗೆ ದಾಹ ಹೆಚ್ಚು, ಪ್ಲಾಸ್ಟಿಸೈಜರ್ ಕೆಲಸ ಶುರುಮಾಡುವುದೂ ತಡ. ಈ ಹೊತ್ತಿನಲ್ಲಿ ನೀರು ಸುರಿದವರ ಹಲಗೆ ಕೆಟ್ಟಿತೆಂದೇ ಲೆಕ್ಕ. ಎರಡು ನಿಮಿಷ ಅಲಗು ಓಡಲಿ, ತಾನೇ ಸಡಿಲವಾಗುತ್ತದೆ. ಆಮೇಲೆ ಮರಳು, ಮತ್ತೆ ಒಂದೂವರೆ ನಿಮಿಷ, ಉಳಿದ 20 ಗ್ರಾಂ ಪ್ಲಾಸ್ಟಿಸೈಜರ್.

ಒಳವ್ಯಾಸ 50, ಎತ್ತರ 50 ಮಿ.ಮೀ.ಯ ಕೊಳವೆ ತುಂಡನ್ನು ಗಾಜಿನ ಮೇಲಿಟ್ಟು ತುಂಬಿ ಮೇಲೆತ್ತಿ. ಹರಡಿದ ವ್ಯಾಸ 130ರಿಂದ 150 ಮಿ.ಮೀ. ಬಂದರೆ ಸರಿ. ಕಡಿಮೆ ಬಂದರೆ ಕೈಯಲ್ಲಿರುವ 40 ಗ್ರಾಮಿನಿಂದ ಹತ್ತು ಹತ್ತು ಗ್ರಾಂ ಸೇರಿಸಿ, ನೀರಲ್ಲ. ಅಂಚಿನಲ್ಲಿ ತೆಳು ನೀರಿನ ಉಂಗುರ ಕಂಡರೆ ಹೆಚ್ಚಾಗಿದೆ, ಮರಳು ತಳ ಸೇರುತ್ತದೆ.

ನಾರು ಕೊನೆಗೆ. ವೇಗವನ್ನು ಪೂರ್ತಿ ತಗ್ಗಿಸಿ, ನಾರನ್ನು ಉದುರಿಸುತ್ತಾ ಹಾಕಿ, ಹಾಕಿ ಮುಗಿದ ಮೇಲೆ ಒಂದು ನಿಮಿಷಕ್ಕಿಂತ ಹೆಚ್ಚು ತಿರುಗಿಸಬೇಡಿ. ಅತಿಯಾಗಿ ಕಲಸಿದರೆ ಕಟ್ಟುಗಳು ಬಿಚ್ಚಿ ಹತ್ತಿಯಂತೆ ಉಬ್ಬುತ್ತವೆ, ಹರಿಯುತ್ತಿದ್ದ ಕಲಸು ಒಮ್ಮೆಲೇ ಉಣ್ಣೆಯಂತಾಗುತ್ತದೆ. ಅಲ್ಲಿಂದ ಹಿಂದಕ್ಕೆ ಬರುವ ದಾರಿಯಿಲ್ಲ.

ಎರಕ

ಅಚ್ಚಿಗೆ ಫಿಲ್ಮ್ ಹಾಕಿದ ಪ್ಲೈವುಡ್, ಸುತ್ತ 12 ಮಿ.ಮೀ. ಪಟ್ಟಿ, ಮೂಲೆಗೆ ಸಿಲಿಕೋನ್, ತೆಳುವಾಗಿ ಒರೆಸಿದ ಎಣ್ಣೆ. ಎಣ್ಣೆ ನಿಂತ ಕಡೆ ಹಲಗೆಯ ಮುಖದಲ್ಲಿ ಕಲೆ ಮತ್ತು ಗುಳ್ಳೆ.

ಸುರಿಯುವ ದಿಕ್ಕಿಗೆ ಗಮನ ಕೊಡಿ. ನಾರು ಹರಿವಿನ ಜೊತೆ ಸಾಲಾಗಿ ಮಲಗುತ್ತದೆ. ಎರಡು ಕಡೆಯಿಂದ ಸುರಿದರೆ ಎರಡು ಹರಿವುಗಳು ಕೂಡುವ ಗೆರೆಯನ್ನು ಯಾವ ನಾರೂ ದಾಟಿರುವುದಿಲ್ಲ, ಹಲಗೆ ಮುರಿಯುವುದು ಸರಿಯಾಗಿ ಅಲ್ಲೇ. ಒಂದು ಅಂಚಿನಿಂದ ಶುರುಮಾಡಿ ಕಲಸಿನ ಹಿಂದೆಯೇ ಸುರಿಯುತ್ತಾ ಇನ್ನೊಂದು ಅಂಚಿಗೆ ಸಾಗಿ. ಮೊದಲು 6 ಮಿ.ಮೀ. ಪದರ, ತೋಡುಗಳಿರುವ ರೋಲರಿನಿಂದ ಎರಡೂ ದಿಕ್ಕಿನಲ್ಲಿ ಒತ್ತಿ ಗಾಳಿ ತೆಗೆಯಿರಿ, ಹತ್ತು ನಿಮಿಷದೊಳಗೆ ಎರಡನೆಯ ಪದರ. ತಡಮಾಡಿದರೆ ಕೆಳಪದರದ ಮೇಲೆ ಚರ್ಮ ಕಟ್ಟಿ, ಮುಂದೆ ಪದರಗಳು ಬಿಟ್ಟುಕೊಳ್ಳುತ್ತವೆ. ಅಚ್ಚಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ದಪ್ಪವನ್ನು ನಾಲ್ಕು ಮೂಲೆ ಮತ್ತು ನಡುವಿನಲ್ಲಿ ಅಳೆಯಿರಿ. ಬಲ ದಪ್ಪದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ 12ರ ಬದಲು 11 ಮಿ.ಮೀ. ಬಂದರೆ ಹೊರುವ ಭಾರ 16% ಇಳಿಯಿತು.

ಕರಣೆ ಆಡಿಸಿ ಮುಗಿದ ತಕ್ಷಣ ಪಾಲಿಥಿನ್ ಹಾಳೆ. ಈ ಕಲಸು ಮೇಲಕ್ಕೆ ನೀರು ಬಿಡುವುದೇ ಕಡಿಮೆ. ಗಾಳಿ ಆಡಿದರೆ ಒಂದೆರಡು ಗಂಟೆಯಲ್ಲೇ ಒಣಗಿ ಕೂದಲೆಳೆ ಬಿರುಕುಗಳು ಏಳುತ್ತವೆ.

ಬಿಚ್ಚುವುದು, ನೀರುಣಿಸುವುದು

ಮಾಮೂಲಿ ಸಿಮೆಂಟಿನ ಹಲಗೆಯನ್ನು ಮರುದಿನ ಬಿಚ್ಚುವ ಅಭ್ಯಾಸ ಇಲ್ಲಿ ನಡೆಯದು. ಕ್ಲಿಂಕರ್ ಅರ್ಧವಾದ್ದರಿಂದ ಮೊದಲ ದಿನದ ಬಲ ಕಡಿಮೆ. 36ರಿಂದ 48 ಗಂಟೆ ಬಿಡಿ, 15 ಡಿಗ್ರಿಗಿಂತ ತಂಪಿದ್ದರೆ ಇನ್ನೊಂದು ದಿನ. ಉಗುರಿನಿಂದ ಕೆರೆದರೆ ಗೆರೆ ಬೀಳುವ ಹಲಗೆಯನ್ನು ಎತ್ತಬೇಡಿ. ಕಣ್ಣಿಗೆ ಕಾಣದ ಬಿರುಕು ಆಗಲೇ ಸೇರಿಕೊಳ್ಳುತ್ತದೆ.

ಆಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿ, ಮೇಲೆ ಪಾಲಿಥಿನ್ ಹೊದಿಸಿ, ಅಂಚಿನ ಮೇಲೆ ನಿಲ್ಲಿಸಿ. ಕನಿಷ್ಠ 7 ದಿನ, ಸಾಧ್ಯವಾದರೆ 14. ಮಣ್ಣು ಸುಣ್ಣವನ್ನು ತಿನ್ನುವುದು ನೀರಿದ್ದಾಗ ಮಾತ್ರ. ಮೂರನೆಯ ದಿನಕ್ಕೇ ಒಣಗಿದರೆ ಸುಣ್ಣವೂ ಉಳಿಯಿತು, ಮಣ್ಣೂ ಉಳಿಯಿತು, ಮೈ ಪುಡಿಪುಡಿ. ಗಾಜುನಾರಿನ ಹಲಗೆಗಳಲ್ಲಿ ನೀರುಣಿಸುವ ಬದಲು ಅಕ್ರಿಲಿಕ್ ದ್ರವ ಸೇರಿಸುವ ರೂಢಿಯಿದೆ. ಈ ಬಂಧಕಕ್ಕೆ ಅದೊಂದನ್ನೇ ನಂಬುವುದು ಸರಿಯಲ್ಲ. ಒಣಗಿಸುವಾಗ ಎರಡೂ ಮುಖಕ್ಕೆ ಸಮನಾಗಿ ಗಾಳಿ ಸಿಗಲಿ, ಒಂದೇ ಮುಖ ಒಣಗಿದರೆ ಹಲಗೆ ಹಪ್ಪಳದಂತೆ ಬಾಗುತ್ತದೆ.

ಜೋಡಿಸುವಾಗ ತೂತುಗಳು ತಿರುಪಿಗಿಂತ ದೊಡ್ಡವಿರಲಿ. ಇಂಥ ಹಲಗೆ ಒಣಗುತ್ತಾ ಮೀಟರಿಗೆ 1 ಮಿ.ಮೀ. ಆಸುಪಾಸು ಕುಗ್ಗುತ್ತದೆ. ತಿರುಪುಗಳು ಸ್ಟೇನ್‌ಲೆಸ್ ಆಗಿರಲಿ: ಸುಣ್ಣದ ದಾಸ್ತಾನು ಇಲ್ಲದ್ದರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಈ ಹಲಗೆಯೊಳಗೆ ಬೇಗ ಹೊಕ್ಕು ಕ್ಷಾರ ಇಳಿಸುತ್ತದೆ, ಮಾಮೂಲಿ ಉಕ್ಕಿಗೆ ಕಾವಲಿರುವುದಿಲ್ಲ. ಗಾಜಿನ ನಾರಿಗೆ ಇದರಿಂದ ಕೆಡುಕಿಲ್ಲ.

ಗಾಜಿನ ಬದಲು ಕತ್ತಾಳೆ ನಾರು ಹಾಕುವುದಾದರೆ 25 ಮಿ.ಮೀ.ಗೆ ಕತ್ತರಿಸಿ, ಬಿಸಿನೀರಿನಲ್ಲಿ ತೊಳೆಯಿರಿ. ಉಳಿದ ಸಕ್ಕರೆ ಅಂಶ ಸಿಮೆಂಟು ಬಿಗಿಯುವುದನ್ನು ತಡಮಾಡುತ್ತದೆ. ನೆನೆಸಿ ಒಣಗಿಸುವುದನ್ನು ಹತ್ತು ಬಾರಿ ಮಾಡಿದರೆ ನಾರು ಮುಂದೆ ಉಬ್ಬುವುದು ಕಡಿಮೆಯಾಗುತ್ತದೆ. ಕಲಸಿಗೆ ಹಾಕುವಾಗ ಒಳಗೆ ನೆನೆದು ಮೇಲೆ ಆರಿರಬೇಕು. ಒಣ ನಾರು ತನ್ನ ತೂಕವನ್ನೂ ಮೀರಿ ನೀರು ಕುಡಿದುಬಿಡುತ್ತದೆ.

ಇಂಗಾಲದ ಲೆಕ್ಕ, ಬಿಚ್ಚುಮನಸ್ಸಿನಿಂದ

ಒಂದು ಕೆಜಿ ಸಿಮೆಂಟಿಗೆ 0.85, ಸುಟ್ಟ ಮಣ್ಣಿಗೆ 0.27 ಕೆಜಿ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ 10 ಕೆಜಿ ಬಂಧಕಕ್ಕೆ 5.3 ಕೆಜಿ. ಪೂರ್ತಿ ಸಿಮೆಂಟಾಗಿದ್ದರೆ 8.5. ಆದರೆ ಈ ಕಲಸಿನಲ್ಲಿ ಘನ ಮೀಟರಿಗೆ 900 ಕೆಜಿ ಮೇಲೆ ಬಂಧಕವಿದೆ, ಮಾಮೂಲಿ ಕಾಂಕ್ರೀಟಿನ ಎರಡೂವರೆ ಪಟ್ಟು. ಉಳಿತಾಯ ನಿಜವಾಗುವುದು ಹಲಗೆ ತೆಳ್ಳಗಿದ್ದು ಬಹುಕಾಲ ಬಾಳಿದಾಗ. ಸಣ್ಣ ಕುಲುಮೆಯಲ್ಲಿ ಮೂರು ಕೆಜಿ ಮಣ್ಣಿಗಿಂತ ಕುಲುಮೆಯ ಇಟ್ಟಿಗೆಯೇ ಹೆಚ್ಚು ಶಾಖ ನುಂಗುತ್ತದೆ, ಅದಕ್ಕೇ ಕುಲುಮೆ ಹಿಡಿಸುವಷ್ಟು ಮಣ್ಣನ್ನು ಒಮ್ಮೆಗೇ ಸುಟ್ಟಿಡಿ.

ಮೂರನೆಯ ಹಲಗೆ

14ನೆಯ ದಿನ ವಜ್ರದ ಅಲಗಿನಿಂದ, ನೀರು ಹಾಕುತ್ತಾ, 50 ಮಿ.ಮೀ. ಅಗಲ, 290 ಮಿ.ಮೀ. ಉದ್ದದ ಪಟ್ಟಿಗಳನ್ನು ಕೊಯ್ಯಿರಿ: ಹರಿವಿನ ಉದ್ದಕ್ಕೆ 6, ಅಡ್ಡಕ್ಕೆ 4. ಅರ್ಧದಷ್ಟನ್ನು 28ನೆಯ ದಿನ ಮುರಿಯಿರಿ. ಉಳಿದರ್ಧವನ್ನು ಅದೇ ದಿನ 50 ಡಿಗ್ರಿ ಬಿಸಿನೀರಿಗೆ ಹಾಕಿ, ಮತ್ತೆ 28 ದಿನ ಬಿಟ್ಟು ಮುರಿಯಿರಿ. ಬಿಸಿನೀರು ಮುಪ್ಪನ್ನು ಬೇಗ ತರುತ್ತದೆ. ಎರಡೂ ಗುಂಪನ್ನು ಮುರಿಯುವ ಮುನ್ನ ಒಂದು ದಿನ ತಣ್ಣೀರಿನಲ್ಲಿಡಿ. ಒಂದು ಒಣಗಿದ್ದು ಒಂದು ಒದ್ದೆ ಇದ್ದರೆ ಹೋಲಿಕೆಗೆ ಅರ್ಥವಿಲ್ಲ.

250 ಮಿ.ಮೀ. ಅಂತರದ ಎರಡು ದುಂಡು ಸರಳುಗಳ ಮೇಲೆ ಪಟ್ಟಿ ಮಲಗಿಸಿ, ನಡುವಿಗೆ ಬಕೆಟ್ ತೂಗುಹಾಕಿ, ಸಣ್ಣ ಧಾರೆಯಲ್ಲಿ ನೀರು ತುಂಬಿ. ದಪ್ಪ 12 ಮಿ.ಮೀ. ಇದ್ದರೆ ಬಕೆಟ್ ಸೇರಿ ಪ್ರತಿ ಕೆಜಿ ಭಾರ ಪಟ್ಟಿಯಲ್ಲಿ 0.51 ಮೆಗಾಪಾಸ್ಕಲ್ ಒತ್ತಡಕ್ಕೆ ಸಮ, ಅಂದರೆ 10 ಮೆಗಾಪಾಸ್ಕಲ್‌ಗೆ 19.6 ಕೆಜಿ. ಎರಡು ಅಂಕಿ ಬರೆದಿಡಿ: ಮೊದಲ ಬಿರುಕು ಕಂಡ ಭಾರ, ಪಟ್ಟಿ ಹೊತ್ತ ಗರಿಷ್ಠ ಭಾರ. ಹೊಸ ಪಟ್ಟಿಯಲ್ಲಿ ಮೊದಲನೆಯದು 5ರಿಂದ 8, ಎರಡನೆಯದು 10ರಿಂದ 14 ಮೆಗಾಪಾಸ್ಕಲ್ ನಡುವೆ ಬಂದರೆ ಕಲಸಿ ಎರೆದ ಹಲಗೆಗೆ ಅದು ಒಳ್ಳೆಯ ಫಲ. ಅಡ್ಡ ಪಟ್ಟಿಗಳು ಸ್ವಲ್ಪ ಹಿಂದೆ ಬೀಳುವುದು ಸಹಜ. ಅರ್ಧಕ್ಕೆ ಇಳಿದರೆ ಸುರಿದ ರೀತಿಯಲ್ಲಿ ತಪ್ಪಿದೆ.

ಬಿಸಿನೀರಿನ ಪಟ್ಟಿಗಳಲ್ಲಿ ನೋಡಬೇಕಾದದ್ದು ಆ ಎರಡು ಅಂಕಿಗಳ ನಡುವಿನ ಅಂತರ. ಅದು ಉಳಿದಿದ್ದರೆ ನಾರು ಇನ್ನೂ ಜಾರುತ್ತಿದೆ. ಎರಡೂ ಒಂದಾಗಿದ್ದರೆ ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಎಳೆಗಳು ಒಂದೆರಡು ಮಿ.ಮೀ. ಕುಚ್ಚಿನಂತೆ ಹೊರಚಾಚಿದ್ದರೆ ನಾರು ಸರಿಯಿದೆ, ಪ್ರಮಾಣ ಅಥವಾ ಒತ್ತುವಿಕೆ ಸಾಲದು. ಅಂಚಿಗೆ ಸಮನಾಗಿ ಕತ್ತರಿಸಿದಂತೆ ತುಂಡಾಗಿದ್ದರೆ ಸುಣ್ಣ ಒಳಗೆ ಉಳಿದಿದೆ: ಮಣ್ಣಿನ 7.1ರ ಲೆಕ್ಕ, ಒಡಲಿನ 800 ಡಿಗ್ರಿ, ನೀರುಣಿಸಿದ ದಿನಗಳು, ಇದೇ ಸರದಿಯಲ್ಲಿ ಮತ್ತೆ ಪರೀಕ್ಷಿಸಿ. ಎಳೆಗಳು ಸವೆದು ಅಲ್ಲಲ್ಲಿ ಕಾಣೆಯಾಗಿದ್ದರೆ ಚೀಲದಲ್ಲಿದ್ದದ್ದು ಜಿರ್ಕೋನಿಯಾ ಇಲ್ಲದ ಗಾಜು.